ಸಂಕಲ್ಪದ ದೇಶ: ಬೇಸಿಗೆಯ ರಜೆಗೊಂದು ಪಾಠ

ವೈಶಾಖ ಮಾಸವು ಸ್ನಾನ, ದಾನ, ಪುರಾಣಶ್ರವಣಗಳಿಗೆ ಪ್ರಶಸ್ತವೆಂಬುದು ಆಸ್ತಿಕರಿಗೆ ಹೊಸತಲ್ಲ. ಶಾಲೆಗಳಿಗೆ ರಜೆಯೂ ಇದೇ ಕಾಲದಲ್ಲಿ. ಪುಣೆ, ಬೆಂಗಳೂರುಗಳಲ್ಲಿ ನೆಲೆಸಿದವರ ಮಕ್ಕಳು ಅಜ್ಜ-ಅಜ್ಜಿಯರ ಊರಿಗೆ ಬರುವರು. ವಸಂತ ಶಿಬಿರಗಳಲ್ಲಿ ಕುಳಿತು ಸಂಧ್ಯಾವಂದನೆ, ಸ್ತೋತ್ರಗಳನ್ನು ಕಲಿಯುವರು. ಅಂತಹದೊಂದು ಪಾಠದಲ್ಲಿ ಸಂಕಲ್ಪವನ್ನು ಹೇಳಿಕೊಡುತ್ತಿದ್ದಾಗ ಹೊಸದಾಗಿ ಉಪನಯನವಾದ ವಟುವೊಬ್ಬನು, "ಅಜ್ಜಾ, ಈ ದಂಡಕಾರಣ್ಯ ಎಲ್ಲದ? ನಮ್ಮೂರು ಅದರಾಗ ಬರ್ತದೇನು?" ಎಂದು ಕೇಳಿದನು. ಅಲ್ಲಿದ್ದ ಹಿರಿಯರೆಲ್ಲ ಪರಸ್ಪರ ಮುಖ ನೋಡಿಕೊಂಡೆವು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಕರ್ಮಾರಂಭದಲ್ಲಿ ನಾವು ದೇಶಕಾಲಗಳನ್ನು ಉಚ್ಚರಿಸುತ್ತೇವೆ. ಕಾಲವು ಶ್ವೇತವರಾಹ ಕಲ್ಪದಿಂದ ಮೊದಲಾಗಿ ಇಂದಿನ ತಿಥಿ, ವಾರ, ನಕ್ಷತ್ರಗಳವರೆಗೆ ಇಳಿದು ಬರುತ್ತದೆ. ದೇಶವಾದರೋ ಜಂಬೂದ್ವೀಪದಿಂದ ಹೊರಟು ಗೋದಾವರಿಯ ದಕ್ಷಿಣ ತೀರದಲ್ಲಿಯೇ ನಿಂತುಬಿಡುತ್ತದೆ. ಅಲ್ಲಿಂದ ನಮ್ಮ ಮನೆಯ ಬಾಗಿಲವರೆಗಿನ ದಾರಿಯನ್ನು ನಾವೇ ತಿಳಿದು ತುಂಬಿಕೊಳ್ಳಬೇಕು. ಗೋದಾವರಿಯ ದಕ್ಷಿಣಕ್ಕೆ ಕೃಷ್ಣೆ. ಆ ಕೃಷ್ಣೆಯನ್ನು ಕೂಡಲಸಂಗಮದಲ್ಲಿ ಸೇರುವವಳು ನಮ್ಮ ಮಲಪ್ರಭೆ. ಮಲಾಪಹಾರಿ ಎಂಬುದು ಅವಳ ಹಳೆಯ ಹೆಸರು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಗಳನ್ನು ಒಂದೇ ದಾರದಲ್ಲಿ ಪೋಣಿಸಿದಂತೆ ಅವಳು ಹರಿಯುತ್ತಾಳೆ. ಈ ರಜೆಯಲ್ಲಿ ಮಕ್ಕಳನ್ನು ಆ ದಾರದ ಗುಂಟ ನಡೆಸಬೇಕೆಂಬುದೇ ನಮ್ಮ ಸೂಚನೆ. ದೊಡ್ಡವರೂ ಜೊತೆಯಲ್ಲಿ ಬರಲಿ. ತಿಳಿಯದಿರುವುದು ಅವರಿಗೇ ಹೆಚ್ಚು.

ಇದು ಅಧ್ಯಾತ್ಮಕ್ಕೆ ಹೊರತಾದ ವಿಷಯವೆಂದು ಶಂಕಿಸಬೇಕಿಲ್ಲ. ಜಗತ್ತು ಸತ್ಯ, ಪಂಚಭೇದಗಳು ಸತ್ಯ ಎಂದು ಶ್ರೀಮದಾಚಾರ್ಯರು ಸಾರಿದರು. ಸತ್ಯವಾದ, ಹರಿಯ ಅಧೀನವಾದ ಜಗತ್ತನ್ನು ಕಣ್ಣು ತೆರೆದು ನೋಡುವುದು ವ್ಯರ್ಥವಾದೀತೆ? ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ 24 ಗುರುಗಳನ್ನು ಹೇಳುವಾಗ ಭೂಮಿ, ನೀರು, ಗಾಳಿ, ಜೇನುನೊಣ, ಪಾರಿವಾಳಗಳನ್ನು ಹೆಸರಿಸುತ್ತಾನೆ.

ಕಿತ್ತೂರಿನಿಂದ ಆರಂಭಿಸೋಣ. ಅಲ್ಲಿಯ ಕೋಟೆಯಲ್ಲಿ ಹಾಳಾದ ಅರಮನೆಯ ಗೋಡೆಯೊಂದರಲ್ಲಿ ರಂಧ್ರವೊಂದನ್ನು ತೋರಿಸಿ, ಅದರೊಳಗಿಂದ ಧ್ರುವ ನಕ್ಷತ್ರವು ಕಾಣುವುದೆಂದು ಹೇಳುವರು. ಹಗಲು ಅದನ್ನು ನೋಡಿ ಬಂದು, ರಾತ್ರಿ ಮಾಳಿಗೆಯ ಮೇಲೆ ಮಕ್ಕಳನ್ನು ಕೂಡಿಸಿ ಚತುರ್ಥ ಸ್ಕಂಧದ ಧ್ರುವಚರಿತ್ರೆಯನ್ನು ಹೇಳಿರಿ. ಬೇಸಿಗೆಯ ಸಂಜೆಗಳಲ್ಲಿ ಸಪ್ತರ್ಷಿಮಂಡಲವು ಉತ್ತರದಲ್ಲಿ ಎತ್ತರವಾಗಿ ತೋರುತ್ತದೆ. ಪುಲಹನಿಂದ ಕ್ರತುವಿಗೆ ಗೆರೆ ಎಳೆದು, ಅದರ ಐದರಷ್ಟು ಮುಂದುವರಿಸಿದರೆ ಧ್ರುವನು ಸಿಕ್ಕುವನು. ಒಂದು ಊರಿನ ಅಕ್ಷಾಂಶವೆಷ್ಟೋ ಅಲ್ಲಿ ಧ್ರುವನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಕಿತ್ತೂರಿನಲ್ಲಿ ಅದು ಸುಮಾರು ಹದಿನೈದೂವರೆ ಅಂಶ. ಚಾಚಿದ ಕೈಯ ಒಂದೂವರೆ ಮುಷ್ಟಿ. ಉಡುಪಿಯಲ್ಲಿ 13ಕ್ಕೆ ತುಸು ಹೆಚ್ಚು, ಬದರಿಯಲ್ಲಿ 30ನ್ನೂ ಮೀರುತ್ತದೆ. ಶ್ರೀಮದಾಚಾರ್ಯರು ಬದರೀಯಾತ್ರೆಯಲ್ಲಿ ಉತ್ತರಕ್ಕೆ ನಡೆದಂತೆಲ್ಲ ಧ್ರುವನು ರಾತ್ರಿರಾತ್ರಿಗೆ ಮೇಲೇರುತ್ತಿದ್ದನೆಂಬುದನ್ನು ಮಕ್ಕಳು ತಮ್ಮ ಮುಷ್ಟಿಯಿಂದಲೇ ಅಳೆದು ತಿಳಿಯಬಹುದು.

ಕಿತ್ತೂರಿನ ಮುಖ್ಯ ಕಥೆಯನ್ನು ಬಿಡಲಾಗದು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ ಥ್ಯಾಕರೆಯು ಕೋಟೆಯ ಮುಂದೆ ಹತನಾದನು. ಅದೇ ಡಿಸೆಂಬರದಲ್ಲಿ ಕೋಟೆಯು ಇಂಗ್ಲಿಷರ ವಶವಾಯಿತು. ಸೆರೆಯಾದ ರಾಣಿ ಚೆನ್ನಮ್ಮನು 1829ರ ಫೆಬ್ರವರಿ 2ರಂದು ಬೈಲಹೊಂಗಲದಲ್ಲಿ ದೇಹವಿಟ್ಟಳು. ಅವಳ ಸಮಾಧಿಯು ಅಲ್ಲಿಯೇ ಇದೆ. ಇದು ಬೇರೆಯವರ ಇತಿಹಾಸವೆಂದು ಸುಮ್ಮನಿರುವವರು ನಮ್ಮಲ್ಲಿ ಇಲ್ಲದಿಲ್ಲ. ನಾವು ಉಣ್ಣುವ ಜೋಳವು ಇದೇ ಎರೆಯ ಹೊಲದ್ದಲ್ಲವೆ?

ಬೈಲಹೊಂಗಲದಿಂದ ಸವದತ್ತಿಯ ಕಡೆಗೆ ಹೋಗುವಾಗ ಒಂದು ಬೆಳಗನ್ನು ಗಿಡಮರಗಳಿಗಾಗಿ ಮೀಸಲಿಡಬೇಕು. ಪಟ್ಟಿಯು ನಮ್ಮ ಪ್ರಯೋಗಗ್ರಂಥಗಳಲ್ಲಿಯೇ ಸಿದ್ಧವಾಗಿದೆ. ನವಗ್ರಹ ಹೋಮದ ಸಮಿಧೆಗಳಾದ ಅರ್ಕ, ಪಲಾಶ, ಖದಿರ, ಅಪಾಮಾರ್ಗ, ಅಶ್ವತ್ಥ, ಔದುಂಬರ, ಶಮೀ, ದೂರ್ವಾ, ಕುಶಗಳನ್ನು ಅಂಗಡಿಯ ಪೊಟ್ಟಣದಲ್ಲಿ ಮಾತ್ರ ಕಂಡವರು ಇಂದು ಅನೇಕರು. ಅರ್ಕವೆಂದರೆ ರಸ್ತೆಯ ಬದಿಯ ಎಕ್ಕೆ, ಅಪಾಮಾರ್ಗವೆಂದರೆ ಬಟ್ಟೆಗೆ ಅಂಟಿಕೊಳ್ಳುವ ಉತ್ತರಾಣಿ, ಶಮಿಯು ಬನ್ನಿ, ಪಲಾಶವು ಮುತ್ತಲ ಎಂದು ತೋರಿಸಿದೊಡನೆ ಮಕ್ಕಳ ಮುಖವು ಅರಳುವುದನ್ನು ನಾವು ಕಂಡಿದ್ದೇವೆ. ಈ ಪಾಠಕ್ಕೆ ಪಂಡಿತರಿಗಿಂತ ನಮ್ಮ ಅಜ್ಜಿಯರೇ ಮೇಲು. ಬೇಸಿಗೆಯಲ್ಲಿ ಮುತ್ತಲೆಲೆಯ ಪತ್ರಾವಳಿ ಹಚ್ಚಿದ ಕೈಗಳಿಗೆ ಎಳೆಯ ಎಲೆ ಯಾವುದು, ಬಲಿತದ್ದು ಯಾವುದು ಎಂಬುದು ಮುಟ್ಟಿದರೆ ತಿಳಿಯುತ್ತದೆ. ಆ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ.

ಸವದತ್ತಿಯು ಸುಗಂಧವರ್ತಿ ಎಂಬ ಹೆಸರಿನಿಂದ ರಟ್ಟ ಅರಸರ ರಾಜಧಾನಿಯಾಗಿತ್ತು. ಈ ಸೀಮೆಯ ಹಳೆಯ ಗುಡಿಗಳ ಬಳಿ ಶಾಸನದ ಕಲ್ಲು ಕಂಡರೆ ಅದರ ಮೇಲ್ತುದಿಯಲ್ಲಿ ಸೂರ್ಯ-ಚಂದ್ರರನ್ನು ಹುಡುಕಲು ಮಕ್ಕಳಿಗೆ ಹೇಳಿರಿ. ಅವರಿರುವವರೆಗೆ ಈ ದಾನವು ನಡೆಯಲಿ ಎಂಬುದು ಅದರ ಅರ್ಥ. ಪರಶುರಾಮದೇವರ ತಾಯಿಯಾದ ರೇಣುಕೆಯ ಕ್ಷೇತ್ರವೂ ಇದೇ ಆದುದರಿಂದ, ವೈಶಾಖ ಶುದ್ಧ ತೃತೀಯೆಯ ಪರಶುರಾಮ ಜಯಂತಿಯಂದು ಇಲ್ಲಿ ಇರುವಂತೆ ಪ್ರಯಾಣವನ್ನು ಗೊತ್ತುಪಡಿಸಿಕೊಂಡರೆ ಉತ್ತಮ.

ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಯು ಗುಡ್ಡವನ್ನೇ ಸೀಳಿ ಹೊರಬರುತ್ತಾಳೆ. ಆ ಇಕ್ಕಟ್ಟಿನಲ್ಲಿಯೇ ಅಣೆಕಟ್ಟೆಯನ್ನು ಕಟ್ಟಿದ್ದಾರೆ. ಜಲಾಶಯಕ್ಕೆ ರೇಣುಕಾಸಾಗರವೆಂದು ಹೆಸರು. ಅಲ್ಲಿಯ ಗಟ್ಟಿ ಬಂಡೆಗಳನ್ನು ಭೂವಿಜ್ಞಾನಿಗಳು ಕಲಾದಗಿ ಶ್ರೇಣಿಯವೆನ್ನುವರು. ಪ್ರಾಚೀನ ಜಲದ ತಳದಲ್ಲಿ ಮರಳು ಕೂಡಿ ಗಟ್ಟಿಯಾಗಿ ನೂರು ಕೋಟಿ ವರ್ಷಗಳಿಗೂ ಮಿಗಿಲಾಯಿತಂತೆ. 432 ಕೋಟಿ ವರ್ಷಗಳ ಕಲ್ಪವನ್ನು ನಿತ್ಯವೂ ಉಚ್ಚರಿಸುವ ವಟುವಿಗೆ ಈ ಸಂಖ್ಯೆಯು ಭಯ ಹುಟ್ಟಿಸಲಾರದು.

ರಾಮದುರ್ಗದಲ್ಲಿ ಮಾಡಬೇಕಾದುದು ಬೇರೆ. 1948ರವರೆಗೆ ಭಾವೆ ಮನೆತನದ ಸಂಸ್ಥಾನವಾಗಿದ್ದ ಈ ಊರಿನ ಬಳಿ, ಸುರೇಬಾನದ ಹತ್ತಿರ, ಶಬರಿಕೊಳ್ಳವಿದೆ. ರಾಮಕಥೆಗೆ ಅದಕ್ಕಿಂತ ತಕ್ಕ ಸ್ಥಳ ಬೇಕಿಲ್ಲ. ಆದರೆ ಊರಿನೊಳಗೆ ಮಕ್ಕಳು ಹೊಳೆಯ ದಂಡೆಯ ಮನೆಗಳ ಹಿರಿಯರ ಬಳಿ ಕುಳಿತು, 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ ಬರೆದುಕೊಳ್ಳಲಿ. ಯಾವ ಮೆಟ್ಟಿಲು, ಯಾವ ಗೋಡೆ, ಏನನ್ನು ಮೊದಲು ಎತ್ತಿಟ್ಟರು, ಎಲ್ಲಿ ಆಶ್ರಯ ಪಡೆದರು ಎಂಬುದೆಲ್ಲ ಬರಲಿ. ವೈಶಾಖದಲ್ಲಿ ಸೊರಗಿದ ಹೊಳೆಯನ್ನು ಮಾತ್ರ ನೋಡಿದವರಿಗೆ ಅವಳು ಅರ್ಧವೇ ತಿಳಿದಂತೆ.

ಬೆಳಿಗ್ಗೆ ಆರಕ್ಕೆ ಹೊರಟು ಬಿಸಿಲೇರುವ ಮುನ್ನ, ಒಂಬತ್ತರೊಳಗೆ, ನೆರಳು ಸೇರಬೇಕು. ಅಣೆಕಟ್ಟೆಯ ಕೆಳಗೆ ಮಕ್ಕಳನ್ನು ನೀರಿಗಿಳಿಸಲೇಕೂಡದು. ಪ್ರತಿ ಮಗುವಿಗೂ ಒಂದು ವಹಿ, ಒಂದು ತಂಬಿಗೆ ಕುಡಿಯುವ ನೀರು ಇರಲಿ. ತಿರುಗಿ ಬಂದೊಡನೆ ದೇವರಿಗೆ ನಿವೇದಿಸಿದ ಪಾನಕ-ಕೋಸಂಬರಿಗಳನ್ನು ಹಂಚಿರಿ. ಮರುದಿನ ಸಂಕಲ್ಪವನ್ನು ಹೇಳಿಸುವಾಗ ಗೋದಾವರಿಯ ಬಳಿ ಒಂದು ಕ್ಷಣ ತಡೆದು, ಅಲ್ಲಿಂದ ತನ್ನ ಮನೆಯವರೆಗಿನ ಹೊಳೆಗಳನ್ನು ಹೇಳಲು ವಟುವನ್ನು ಕೇಳಿರಿ.