ದೋಷ ಕೈಯದೋ, ಬ್ಯಾರಲ್‌ನದೋ?

ಗುರಿ ತಪ್ಪುತ್ತಿದೆ ಎಂದು ಹೊಸ ಏರ್ ಪಿಸ್ತೂಲು ಮಾರುವ ಯೋಚನೆ ಸದ್ಯಕ್ಕೆ ಬೇಡ. ಮೊದಲು ಅದನ್ನು ಆಸರೆಯ ಮೇಲಿಟ್ಟು, 10 ಮೀಟರಿನಿಂದ ಎರಡು ಮೂರು ಬಗೆಯ ಪೆಲೆಟ್ ಹೊಡೆದು ನೋಡಿ. ಎಲ್ಲವೂ ಚದುರಿದರೆ ನನ್ನ ಅನುಮಾನ ಬ್ಯಾರಲ್ ಮೇಲೆ, ಅದರಲ್ಲೂ ಬಾಯಂಚಿನ ಮೇಲೆ. ಪೆಲೆಟ್ ಕೊನೆಯದಾಗಿ ತಾಕಿ ಹೋಗುವುದು ಆ ಅಂಚನ್ನೇ. ಕಾರ್ಖಾನೆಯಲ್ಲಿ ಕೊರೆದಾಗ ಅಲ್ಲಿ ಕೂದಲೆಳೆಯಷ್ಟು ಲೋಹದ ಮೊನೆ ಉಳಿದರೂ ಸಾಕು, ಗಾಳಿ ಒಂದು ಬದಿಯಿಂದ ಮೊದಲು ನುಗ್ಗಿ 4.5 ಮಿ.ಮೀ. ಪೆಲೆಟ್ಟನ್ನು ಓರೆ ಮಾಡುತ್ತದೆ. ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸವಾದರೋ ಬರೀ 11.5 ಮಿ.ಮೀ.

ಅಂಚನ್ನು ಪರೀಕ್ಷಿಸಲು ಮೊದಲು ಗಾಳಿಯ ಸಿಲಿಂಡರ್ ಕಳಚಿ, ಪಿಸ್ತೂಲು ಖಾಲಿಯಿದೆ ಎಂದು ಖಾತ್ರಿ ಮಾಡಿಕೊಳ್ಳಿ. ಹತ್ತಿ ಸುತ್ತಿದ ಕಡ್ಡಿಯನ್ನು ಅಂಚಿನ ಸುತ್ತ ಒಳಗಿನಿಂದ ಹೊರಕ್ಕೆ ಸವರಿ. ಪ್ರತಿ ಸಲ ಒಂದೇ ಜಾಗದಲ್ಲಿ ಎಳೆ ಸಿಕ್ಕಿಕೊಂಡರೆ ಅಲ್ಲೇ ದೋಷ. ದಯವಿಟ್ಟು ನೀವೇ ಅರ ಹಾಕಬೇಡಿ. ವಾರಂಟಿ ಇದ್ದರೆ ಗುರಿಹಾಳೆಗಳ ಸಮೇತ ಅಂಗಡಿಗೆ ಒಯ್ಯಿರಿ; ಇಲ್ಲದಿದ್ದರೆ ನುರಿತ ಗನ್‌ಸ್ಮಿತ್ ಅಂಚನ್ನು ಮತ್ತೆ ಸಮ ಮಾಡಿಕೊಡುತ್ತಾರೆ.