ಮೊಮ್ಮಕ್ಕಳಿಗಾಗಿ ಇಂಗ್ಲಿಷ್ ಕಲಿಯಬೇಕೆ?

ಪ್ರಶ್ನೆ: ನಾವು ಕುಷ್ಟಗಿ ತಾಲ್ಲೂಕಿನವರು, ಒಕ್ಕಲುತನದ ಮನಿ. ನಾನು ಏಳನೇ ಕ್ಲಾಸಿನ ತನಕ ಓದೀನಿ. ಒಬ್ಬನೇ ಮಗ, ಅಮೆರಿಕದ ಅಟ್ಲಾಂಟಾದಾಗ ಸಾಫ್ಟ್‌ವೇರ್ ಕೆಲಸ. ಸೊಸಿ ಬೆಂಗಳೂರಾಕಿ, ಭಾಳ ಒಳ್ಳೆಯಾಕಿ. ಮೊಮ್ಮಗಳಿಗೆ ಒಂಬತ್ತು, ಮೊಮ್ಮಗಗ ಐದು. ಇಬ್ಬರೂ ಅಲ್ಲೇ ಹುಟ್ಟಿದವರು. ವಿಡಿಯೊ ಕಾಲ್‌ನಾಗ ‘ಊಟ ಆತೇನವಾ’ ಅಂದ್ರ ‘ಯಾ’ ಅಂದು ಓಡಿ ಹೋಗ್ತಾವ. ಹೋದ ಸಲ ಅಲ್ಲಿಗೆ ಹೋದಾಗ ಮೊಮ್ಮಗಳು ನನ್ನ ಮಾತಿಗೆ ನಕ್ಕು, ‘ಮಮ್ಮಿ ಹಂಗ ಅನ್ನಲ್ಲ, ನೀವು ತಪ್ಪು’ ಅಂದ್ಲು. ನಮ್ಮ ಮನಿಯವರು ಮಗನ ಮ್ಯಾಲೆ ಸಿಟ್ಟಾಗಿ, ಮಕ್ಕಳಿಗೆ ನೀ ಏನೂ ಕಲಿಸಲಿಲ್ಲ, ನಮ್ಮ ವಂಶ ಅಲ್ಲಿಗೆ ಮುಗೀತು ಅಂದ್ರು. ಈಗ ಮಗ ಮತ್ತ ಬರ್ರಿ ಅನ್ನಾಕತ್ಯಾನ, ಇವರು ಒಲ್ಲೆ ಅಂತಾರ. ನಾನು ಮೂವತ್ತು ದಿನದಾಗ ಇಂಗ್ಲಿಷ್ ಕಲಿಸೋ ಪುಸ್ತಕ ತರಿಸೀನಿ, ತಲಿಗೆ ಹತ್ತವಲ್ದು. ಮೊಮ್ಮಕ್ಕಳ ಕೂಡ ಮಾತಾಡಾಕ ಇಂಗ್ಲಿಷ್ ಕಲೀಲೇಬೇಕೇನು? ಇಲ್ಲ, ಹೋಗೂದ ಬ್ಯಾಡೇನು?
— ಒಬ್ಬ ಅಜ್ಜಿ, ಕುಷ್ಟಗಿ ತಾಲ್ಲೂಕು

ಉತ್ತರ: ಅಕ್ಕಾವರೆ, ಹೋಗಿಬನ್ನಿ. ಆ ಪುಸ್ತಕವನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.

ಆ ಮಕ್ಕಳ ಸುತ್ತ ಇರುವವರಿಗೆಲ್ಲ ಇಂಗ್ಲಿಷ್ ಬರುತ್ತದೆ. ಶಾಲೆ, ಗೆಳೆಯರು, ಟಿವಿ, ಎಲ್ಲವೂ ಇಂಗ್ಲಿಷ್. ಅಪ್ಪ-ಅಮ್ಮ ಕನ್ನಡದಲ್ಲೇ ಕೇಳಿದರೂ ಇಂಗ್ಲಿಷ್‌ನಲ್ಲಿ ಉತ್ತರ ಕೊಟ್ಟರೆ ಅವರಿಗೆ ತಿಳಿಯುತ್ತದೆಂದು ಮಕ್ಕಳಿಗೆ ಗೊತ್ತು. ಯಾವ ಭಾಷೆ ಇಲ್ಲದೆಯೂ ಕೆಲಸ ಸಾಗುತ್ತದೋ ಅದನ್ನು ಮಕ್ಕಳು ಬಿಡುತ್ತಾರೆ. ಅದರಲ್ಲಿ ಹಟವೂ ಇಲ್ಲ, ತಿರಸ್ಕಾರವೂ ಇಲ್ಲ. ಆ ಮನೆಯಲ್ಲಿ ಕನ್ನಡವಿಲ್ಲದೆ ಮಾತಾಡಲು ಆಗದ ಮನುಷ್ಯರೆಂದರೆ ನೀವಿಬ್ಬರೇ. ನೀವೂ ‘ಹೌ ಆರ್ ಯು’ ಅನ್ನಲು ಶುರು ಮಾಡಿದರೆ ಆ ಮಕ್ಕಳಿಗೆ ಕನ್ನಡ ಬೇಕೇ ಆಗುವ ಕೊನೆಯ ಕಾರಣವೂ ಹೋಯಿತು. ನಿಮಗೆ ಇಂಗ್ಲಿಷ್ ಬಾರದಿರುವುದು ಆ ಮಕ್ಕಳ ಪುಣ್ಯ ಎಂದೇ ನಾನು ಹೇಳುತ್ತೇನೆ. ಆದರೆ ಮಗನ ಮನೆಯ ವಿಳಾಸ, ನಿಮ್ಮ ಮಾತ್ರೆಗಳ ಹೆಸರು, ಅವಘಡವಾದರೆ 911ಕ್ಕೆ ಫೋನ್ ಮಾಡಿ ಹೇಳಬೇಕಾದ ನಾಲ್ಕು ಮಾತು, ಇಷ್ಟನ್ನು ಇಂಗ್ಲಿಷ್‌ನಲ್ಲಿ ಬಾಯಿಪಾಠ ಮಾಡಿಕೊಳ್ಳಿ. ಅದು ಬೇರೆ ವಿಷಯ.

‘ಯಾ’ ಎಂಬ ಉತ್ತರಕ್ಕೂ ಇಷ್ಟು ನೊಂದುಕೊಳ್ಳಬೇಡಿ. ಊಟ ಆಯಿತೇ ಎಂಬ ನಿಮ್ಮ ಪ್ರಶ್ನೆ ಮಗುವಿಗೆ ಅರ್ಥವಾಯಿತು, ಅದಕ್ಕೇ ಹೌದು ಎಂದಿತು. ಕಿವಿಗೆ ಕನ್ನಡ ಇದೆ, ನಾಲಿಗೆ ಇನ್ನೂ ಹೊರಳಿಲ್ಲ. ಎರಡು ಭಾಷೆ ಕೇಳಿದರೆ ಮಕ್ಕಳಿಗೆ ಗೊಂದಲವಾಗಿ ಮಾತು ತಡವಾಗುತ್ತದೆ ಎಂದು ಯಾರಾದರೂ ನಿಮ್ಮ ಮಗ-ಸೊಸೆಗೆ ಹೇಳಿದ್ದರೆ ಅದು ತಪ್ಪು. ನಮ್ಮ ತಾಂಡಾಗಳ ಮಕ್ಕಳನ್ನೇ ನೋಡಿ. ಮನೆಯಲ್ಲಿ ಲಂಬಾಣಿ ಮಾತು, ಶಾಲೆಯಲ್ಲಿ ಕನ್ನಡ, ಮುಂದೆ ಇಂಗ್ಲಿಷ್. ಸ್ವಂತ ಲಿಪಿ ಇಲ್ಲದ ಭಾಷೆ ಬರೀ ಮನೆಮಾತಿನ ಬಲದಿಂದ ಉಳಿದುಕೊಂಡಿದೆ.

ನಿಮ್ಮ ಯಜಮಾನರಿಗೆ ವಂಶ ಮುಗಿಯಿತು ಎನ್ನುವ ಸಂಕಟ. ಅವರನ್ನು ಒಮ್ಮೆ ಗಂಗಾವತಿ, ಕಾರಟಗಿ ಕಡೆಯ ಕ್ಯಾಂಪುಗಳಿಗೆ ಕರೆದುಕೊಂಡು ಹೋಗಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಆಗಿ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ಕುಟುಂಬಗಳು ಅಲ್ಲಿವೆ. ಮೂರನೇ ತಲೆಮಾರು ನಡೆದಿದೆ. ಮನೆಯೊಳಗೆ ಇವತ್ತಿಗೂ ತೆಲುಗು, ಹೊರಗೆ ನಮ್ಮಂಥದೇ ಕನ್ನಡ. ಭತ್ತ ಬೆಳೆದದ್ದು ಇಲ್ಲಿ, ವೋಟು ಇಲ್ಲಿ, ಮಣ್ಣಾಗುವುದೂ ಇಲ್ಲಿ. ಗುಂಟೂರು, ಗೋದಾವರಿ ಸೀಮೆಯಲ್ಲಿ ಉಳಿದ ಅವರ ಹಿರಿಯರ ವಂಶ ಇದರಿಂದ ಮುಗಿದುಹೋಯಿತು ಎಂದು ಯಾರೂ ಅನ್ನುವುದಿಲ್ಲ. ನಿಮ್ಮ ಮೊಮ್ಮಕ್ಕಳೂ ಹಾಗೆಯೇ. ಹುಟ್ಟಿದ್ದು ಅಲ್ಲಿ, ಪಾಸ್‌ಪೋರ್ಟ್ ಅಲ್ಲಿಯದು, ನಮ್ಮ ಕಾನೂನು ಎರಡು ಪೌರತ್ವ ಕೊಡುವುದಿಲ್ಲ. ಅವರು ಅಮೆರಿಕದವರು. ಅಷ್ಟೇ ನಿಜವಾಗಿ ಅವರು ನಿಮ್ಮ ಮೊಮ್ಮಕ್ಕಳು. ಒಂದನ್ನು ಕಳೆದು ಇನ್ನೊಂದು ಉಳಿಸುವ ಲೆಕ್ಕ ಅವರ ತಲೆಗೆ ಹಾಕಬೇಡಿ.

ಕ್ಯಾಂಪಿಗೂ ಅಟ್ಲಾಂಟಾಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ, ಅದನ್ನು ಮುಚ್ಚಿಡಲಾರೆ. ಕ್ಯಾಂಪಿನಲ್ಲಿ ಬೀದಿಗೆ ಬೀದಿಯೇ ತೆಲುಗು. ಮದುವೆ, ಸಿನಿಮಾ, ಜಗಳ ಎಲ್ಲವೂ ಅದರಲ್ಲೇ. ನಿಮ್ಮ ಮಗನದು ಒಂಟಿ ಮನೆ. ಅಲ್ಲಿ ಕನ್ನಡದ ಭಾರ ಹೊರುವವರು ಮೂರೋ ನಾಲ್ಕೋ ಮಂದಿ. ಅದರಲ್ಲಿ ಇಬ್ಬರು ಮುನಿಸಿಕೊಂಡು ಊರಲ್ಲೇ ಕುಳಿತರೆ ಏನು ಉಳಿದೀತು, ನಿಮ್ಮ ಯಜಮಾನರೇ ಯೋಚಿಸಲಿ.

ಹೋದ ಮೇಲೆ ಮಕ್ಕಳ ಪರೀಕ್ಷೆ ತೆಗೆಯಬೇಡಿ. ‘ಇದಕ್ಕೆ ಕನ್ನಡದಾಗ ಏನಂತಾರ ಹೇಳು’ ಎಂದು ನೆಂಟರ ಮುಂದೆ ನಿಲ್ಲಿಸಿ ಕೇಳಿದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಕೆಲಸ ಕೊಡಿ. ಜೋಳದ ಹಿಟ್ಟು ಅಲ್ಲಿಯ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರಾತಕ್ಕೆ ಹಿಟ್ಟು ಹಾಕಿ, ನಡುವೆ ಗುಂಡಿ ಮಾಡಿಸಿ, ಕುದಿಯುವ ಎಸರು ನೀವು ಸುರಿಯಿರಿ. ಸುಡುತ್ತದೆ, ತಡಿ, ಈಗ ಕಲಸು, ನಾದು, ಇನ್ನೂ ನಾದು. ಉಂಡಿ ಮಾಡು. ಒಣ ಹಿಟ್ಟು ಉದುರಿಸು. ಬಡಿ, ಮೆಲ್ಲಕ ಬಡಿ, ತಿರುವು. ಹರಿಯಿತಾ? ಹರಿಯಲಿ, ಕೂಡಿಸಿ ಮತ್ತೆ ಬಡಿ. ಹಂಚಿಗೆ ಹಾಕಿದ ಮೇಲೆ ನೀರು ಸವರಬೇಕಲ್ಲ, ಆ ಬಟ್ಟೆ ಅವಳ ಕೈಗೆ ಕೊಡಿ. ಉಬ್ಬಿದ ರೊಟ್ಟಿ ಕಂಡು ಅವಳು ಕೂಗುವ ಮಾತು ಇಂಗ್ಲಿಷ್‌ನಲ್ಲಿದ್ದರೆ ಇರಲಿ. ಕೈ ಮಾಡಿದ ಕೆಲಸದ ಜೊತೆ ಬಂದ ಮಾತು ಗಟ್ಟಿ ನಿಲ್ಲುತ್ತದೆ. ನಾಲ್ಕನೇ ದಿನ ಅವಳೇ ತಮ್ಮನಿಗೆ ‘ತಿರುವು, ತಿರುವು’ ಎಂದರೆ ನನಗೆ ಆಶ್ಚರ್ಯವಿಲ್ಲ.

ಅವಳ ಲೋಕದ ಬಗ್ಗೆಯೂ ಕೇಳಿ. ಶಾಲೆಯಲ್ಲಿ ಯಾರ ಕೂಡ ಜಗಳ, ಹ್ಯಾಲೋವೀನ್‌ಗೆ ಯಾಕೆ ಆ ವೇಷ. ನಿಮಗೆ ನಿಜವಾಗಿ ಗೊತ್ತಿಲ್ಲದ್ದನ್ನು ಕೇಳಿದಾಗ ಹೇಳುವ ಹುಮ್ಮಸ್ಸು ಮಗುವಿಗೆ ತಾನಾಗಿ ಬರುತ್ತದೆ. ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆ, ನಡುವೆ ಎರಡು ಕನ್ನಡ ಮಾತು ಬಂದರೆ ಅಷ್ಟೇ ಹಿಡಿದುಕೊಂಡು ಮುಂದುವರಿಸಿ. ತಿದ್ದಬೇಡಿ.

ಇನ್ನು ಆ ನಗು. ಮೊಮ್ಮಗಳಿಗೆ ಸೊಸೆಯ ಬೆಂಗಳೂರಿನ ಕನ್ನಡವೇ ಕನ್ನಡ. ಬೇರೆ ಥರ ಕೇಳಿದಾಗ ನಕ್ಕಳು. ಅದು ಮಗುವಿನ ನಗು. ಆದರೆ ಅದಕ್ಕೆ ಅಂಜಿ ನೀವು ನಿಮ್ಮ ಮಾತು ಬದಲಿಸಬೇಡಿ, ಸೊಸೆಯ ಮಾತನ್ನೂ ಅಣಕಿಸಬೇಡಿ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ರಚನೆಯಾದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಿನ ಸೀಮೆ ಯಾವುದೆಂದು ಹೇಳುವಾಗ ಪಟ್ಟದಕಲ್ಲು, ಲಕ್ಷ್ಮೇಶ್ವರಗಳನ್ನು ಅವುಗಳ ಹಳೆಯ ಹೆಸರಿನಿಂದ ಕರೆದು, ಜೊತೆಗೆ ಕೊಪಣವನ್ನೂ ಹೆಸರಿಸಿದೆ. ಕೊಪಣ ಎಂದರೆ ನಮ್ಮ ಕೊಪ್ಪಳ. ಅಟ್ಲಾಂಟಾದ ಕನ್ನಡಿಗರು ತಮ್ಮ ಸಂಘಕ್ಕೆ ಇಟ್ಟ ಹೆಸರೂ ನೃಪತುಂಗ ಕನ್ನಡ ಕೂಟ. ಈ ಕಥೆಯನ್ನು ಮೊಮ್ಮಗಳಿಗೆ ಹೇಳುವ ಕೆಲಸ ನಿಮ್ಮ ಯಜಮಾನರಿಗಿರಲಿ. ಅಕ್ಷರ ಕಲಿಸಲು ಅಮೆರಿಕದ ಅನೇಕ ಊರುಗಳಲ್ಲಿ ಕನ್ನಡಿಗರು ವಾರಾಂತ್ಯದ ತರಗತಿ ನಡೆಸುತ್ತಾರೆ. ಮಗನಿಗೆ ವಿಚಾರಿಸಲು ಹೇಳಿ. ಮಾತು ಮಾತ್ರ ಮನೆಯಲ್ಲೇ ಬರಬೇಕು.

ಮಗನ ಮೇಲಿನ ದೂರು ನಿಲ್ಲಲಿ. ಈ ಜಿಲ್ಲೆಯ ಸಾವಿರಾರು ತಂದೆತಾಯಂದಿರು ಸಾಲ ಮಾಡಿ ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೆ ಹಾಕಿದ್ದೇವೆ, ಅವರು ಇಂಗ್ಲಿಷ್ ಮಾತಾಡಿದಾಗ ಹಿಗ್ಗಿದ್ದೇವೆ. ಆ ಹಾದಿ ಅವನನ್ನು ಅಟ್ಲಾಂಟಾಕ್ಕೆ ಮುಟ್ಟಿಸಿದ ಮೇಲೆ, ಇಂಗ್ಲಿಷ್ ಯಾಕೆ ಎಂದು ಅವನನ್ನೊಬ್ಬನನ್ನೇ ಕಟಕಟೆಗೆ ನಿಲ್ಲಿಸುವುದು ನ್ಯಾಯವಲ್ಲ. ಮತ್ತೆ ಬನ್ನಿ ಎಂದು ಕರೆಯುತ್ತಿದ್ದಾನಲ್ಲ, ಅವನಿಗೂ ಒಳಗೆ ಇದೇ ಚಿಂತೆ ಇದೆ ಎಂದು ನನಗೆ ಅನ್ನಿಸುತ್ತದೆ. ಯಜಮಾನರು ಒಂದು ಫೋನ್ ಮಾಡಿ ‘ಬರ್ತೀವಪಾ’ ಎಂದರೆ ಸಾಕು, ಹಳೆಯ ಮಾತು ಕೆದಕುವುದು ಬೇಡ.

ಹೊರಡುವ ಕಾಲದ ಬಗ್ಗೆ ಒಂದು ಸೂಚನೆ. ಅಟ್ಲಾಂಟಾ ಕಡೆಯ ಶಾಲೆಗಳಿಗೆ ಮೇ ಕೊನೆಯಿಂದ ಆಗಸ್ಟ್ ಆರಂಭದವರೆಗೆ ರಜೆ. ಪ್ರವಾಸಿ ವೀಸಾದವರಿಗೆ ಸಾಮಾನ್ಯವಾಗಿ ಆರು ತಿಂಗಳವರೆಗೆ ಇರಲು ಬಿಡುತ್ತಾರೆ, ಎಷ್ಟು ದಿನವೆಂದು ಅಲ್ಲಿ ಇಳಿದಾಗ ಅಧಿಕಾರಿ ನಿರ್ಧರಿಸುತ್ತಾರೆ. ಮೇ ಮಧ್ಯದ ಟಿಕೆಟ್ ತೆಗೆಸಲು ಮಗನಿಗೆ ಹೇಳಿ. ಬರುವಾಗ ಅವರನ್ನೂ ಡಿಸೆಂಬರ್ ರಜೆಗೆ ಊರಿಗೆ ಕರೆಯಿರಿ. ಕೆಲವು ವರ್ಷ ಎಳ್ಳಮಾವಾಸ್ಯೆ ಆ ರಜೆಯಲ್ಲೇ ಬೀಳುತ್ತದೆ. 2024ರಲ್ಲಿ ಡಿಸೆಂಬರ್ 30ಕ್ಕೆ ಬಂದಿತ್ತು. ಮೊದಲೇ ಪಂಚಾಂಗ ನೋಡಿ ಮಗನಿಗೆ ತಿಳಿಸಿದರೆ ಹೊಲದಲ್ಲಿ ಚರಗ ಚೆಲ್ಲಲು ಮೊಮ್ಮಕ್ಕಳಿಬ್ಬರೂ ಇರುತ್ತಾರೆ.