ಮುಳ್ಳಿಲಿಯ ಬಂಧುಗಳು ಯಾರು?

ತೋಟಗಳಿಗೆ ನುಗ್ಗಿ ಗೆಡ್ಡೆಗೆಣಸುಗಳನ್ನು ಅಗೆದು ತಿನ್ನುವ ಮುಳ್ಳುಹಂದಿಯನ್ನು ನಮ್ಮ ನಾಡಿನವರು ಬಲ್ಲರು. ಇಂಗ್ಲಿಷಿನಲ್ಲಿ ಇದಕ್ಕೆ ಪಾರ್ಕ್ಯುಪೈನ್ ಎಂದು ಹೆಸರು. ಹೆಡ್ಜ್‌ಹಾಗ್ ಎಂಬ ಬೇರೊಂದು ಪ್ರಾಣಿಯ ಮಾತು ಬಂದಾಗಲೂ ನಮ್ಮ ಅನುವಾದಕರು ಮುಳ್ಳುಹಂದಿಯೆಂದೇ ಬರೆದುಬಿಡುವುದುಂಟು. ಇದರಿಂದ, ಒಂದು ಇನ್ನೊಂದರ ಚಿಕ್ಕ ಬಗೆಯಿರಬೇಕೆಂದು ವಿದ್ಯಾರ್ಥಿಗಳು ಭಾವಿಸಿದರೆ ಆಶ್ಚರ್ಯವಿಲ್ಲ. ತಮಿಳರು ಹೆಡ್ಜ್‌ಹಾಗನ್ನು ಮುಳ್ಳೆಲಿ ಎನ್ನುತ್ತಾರೆ. ನಾವೂ ಇಲ್ಲಿ ಮುಳ್ಳಿಲಿ ಎಂದೇ ಕರೆಯೋಣ. ಆದರೆ ಈ ಪ್ರಾಣಿ ಹಂದಿಯೂ ಅಲ್ಲ, ಇಲಿಯೂ ಅಲ್ಲ. ಹಾಗಾದರೆ ಇದು ಯಾವ ಮನೆತನಕ್ಕೆ ಸೇರಿದುದು?

ಸ್ವೀಡನ್ ದೇಶದ ಲಿನೇಯಸನು ೧೭೫೮ರಲ್ಲಿ ಯೂರೋಪಿನ ಮುಳ್ಳಿಲಿಗೆ 'ಎರಿನೇಸಿಯಸ್ ಯೂರೋಪಿಯಸ್' ಎಂಬ ಜೋಡಿ ಹೆಸರನ್ನಿತ್ತನು. ಮೊದಲನೆಯ ಪದ ಜಾತಿಯನ್ನೂ ಎರಡನೆಯದು ಪ್ರಭೇದವನ್ನೂ ಸೂಚಿಸುತ್ತದೆ. ಹೆಸರು ಇಂದಿಗೂ ನಿಂತಿದೆ. ಅವನು ಅದನ್ನು ಕೂರಿಸಿದ ಪಂಕ್ತಿ ಮಾತ್ರ ವಿಚಿತ್ರವಾದುದು. ಅಲ್ಲಿ ಹಂದಿ, ಆರ್ಮಡಿಲ್ಲೊ, ಸೊಂಡಿಲಿ ಎಲ್ಲವೂ ಒಟ್ಟಿಗೆ ಇದ್ದವು. ಮುಳ್ಳುಹಂದಿಯನ್ನಾದರೋ ಅವನು ಇಲಿ, ಅಳಿಲುಗಳ ಗಣಕ್ಕೆ ಸೇರಿಸಿದನು. (ಅದೇ ಗಣದಲ್ಲಿ ಖಡ್ಗಮೃಗವೂ ಇದ್ದುದು ಬೇರೆಯ ಮಾತು!) ಮುಳ್ಳಿದೆಯೆಂಬ ಮಾತ್ರಕ್ಕೆ ಇವೆರಡನ್ನೂ ಒಂದುಗೂಡಿಸದಿದ್ದುದು ಅವನ ಸೂಕ್ಷ್ಮದೃಷ್ಟಿಗೆ ಸಾಕ್ಷಿ. ಬಾಯಿ ತೆರೆದು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಮುಳ್ಳುಹಂದಿಗೆ ೨೦ ಹಲ್ಲುಗಳು. ಬಾಚಿಹಲ್ಲುಗಳು ಇಲಿಯವುಗಳಂತೆ ಜೀವಮಾನವೆಲ್ಲ ಬೆಳೆಯುತ್ತಿರುತ್ತವೆ. ಯೂರೋಪಿನ ಮುಳ್ಳಿಲಿಗೆ ೩೬ ಹಲ್ಲುಗಳು. ಅವು ಜೀರುಂಡೆ, ಎರೆಹುಳುಗಳನ್ನು ಹಿಡಿದು ಕತ್ತರಿಸಲು ತಕ್ಕ ಮೊನಚಾದ ಹಲ್ಲುಗಳು.

ಮುಳ್ಳುಗಳಲ್ಲಿಯೂ ಭೇದವಿದೆ. ಎರಡೂ ಪ್ರಾಣಿಗಳಲ್ಲಿ ಅವು ಮಾರ್ಪಟ್ಟ ಕೂದಲುಗಳೇ. ಆದರೆ ಮುಳ್ಳುಹಂದಿಯವು ಉದ್ದವಾಗಿದ್ದು ಸುಲಭವಾಗಿ ಕಳಚಿ ಶತ್ರುವಿನ ಮೈಯಲ್ಲಿ ನಾಟಿಕೊಳ್ಳುತ್ತವೆ. ಮುಳ್ಳಿಲಿಯವು ಎರಡು ಮೂರು ಸೆಂಟಿಮೀಟರಿನಷ್ಟೇ ಇದ್ದು ಹಾಗೆ ಕಳಚುವುದಿಲ್ಲ. ಅಪಾಯ ಬಂದೊಡನೆ ಅದು ಬೆನ್ನಂಚಿನ ಸ್ನಾಯುವನ್ನು ಚೀಲದ ದಾರದಂತೆ ಬಿಗಿದು, ತಲೆ ಕಾಲುಗಳನ್ನು ಒಳಗೆಳೆದು ಚೆಂಡಾಗುತ್ತದೆ. ಈ ಮುಳ್ಳು ಒಂದು ಟೊಳ್ಳು ಕೊಳವೆ. ಒಳಗೋಡೆಗೆ ಉದ್ದಕ್ಕೂ ಏಣುಗಳು, ನಡುನಡುವೆ ಅಡ್ಡಪರದೆಗಳು. ತೂಕ ಕಡಿಮೆ, ಬಾಗಿದರೂ ಮುರಿಯದ ಬಲ. ಬಿದಿರಿನ ಗೆಣ್ಣನ್ನು ಸೀಳಿ ನೋಡಿದವರಿಗೆ ಇದರ ತತ್ತ್ವ ತಿಳಿಯುವುದು ಕಷ್ಟವಲ್ಲ.

ಮಲಯ, ಸುಮಾತ್ರ, ಬೋರ್ನಿಯೋಗಳಲ್ಲಿ ಮೂನ್‌ರ್‍ಯಾಟ್ ಎಂಬ ಪ್ರಾಣಿಯಿದೆ. ಉದ್ದ ಬಾಲ, ಒರಟು ಕೂದಲು, ದುರ್ವಾಸನೆ. ಮುಳ್ಳು ಒಂದೂ ಇಲ್ಲ. ಆದರೂ ಅದು ಮುಳ್ಳಿಲಿಯ ಕುಟುಂಬದ್ದೇ. ಅದನ್ನು ಬಿಟ್ಟರೆ ಹತ್ತಿರದ ನಂಟ ನಮ್ಮ ಮನೆಗಳ ಮೂಲೆಯಲ್ಲಿ ಕೀಚುಗುಟ್ಟುತ್ತ ಓಡುವ ಸೊಂಡಿಲಿ. ಅದೂ ಹೆಸರಿಗೆ ಮಾತ್ರ ಇಲಿ.

ಇದಕ್ಕೆ ವಿರುದ್ಧವಾದ ಉದಾಹರಣೆ ಮಡಗಾಸ್ಕರ್ ದ್ವೀಪದ ಟೆನ್‌ರೆಕ್. ಅವುಗಳಲ್ಲಿ ಕೆಲವಕ್ಕೆ ಮುಳ್ಳಿಲಿಯದೇ ಆಕಾರ, ಅದೇ ಮುಳ್ಳು, ಹಾಗೆಯೇ ಚೆಂಡಾಗುವ ಅಭ್ಯಾಸ. ಹಿಂದಿನ ಪ್ರಾಣಿಶಾಸ್ತ್ರಜ್ಞರು ಎರಡನ್ನೂ ಕೀಟಾಹಾರಿಗಳೆಂಬ ಒಂದೇ ಗಣದಲ್ಲಿ ಇಟ್ಟಿದ್ದರು. ಎಲ್ಲಿಯೂ ಹೊಂದದ ಸಣ್ಣ ಪ್ರಾಣಿಗಳನ್ನು ಹಾಕುವ ಬುಟ್ಟಿಯಾಗಿತ್ತು ಆ ಗಣವೆಂದರೆ ತಪ್ಪಾಗಲಾರದು. ೧೯೯೮ರಲ್ಲಿ ಅನುವಂಶಿಕ ದ್ರವ್ಯವಾದ ಡಿ.ಎನ್.ಎ.ಯನ್ನು ಹೋಲಿಸಿ ನೋಡಿದಾಗ, ಟೆನ್‌ರೆಕ್ ಆನೆ, ಕಡಲಹಸುಗಳ ಬಳಗಕ್ಕೆ ಸೇರಿದುದೆಂದು ತಿಳಿಯಿತು! ಮುಳ್ಳಿಲಿ, ಸೊಂಡಿಲಿ, ಮೋಲ್ ಮುಂತಾದವು ಈಗ ಯೂಲಿಪೊಟಿಫ್ಲಾ ಎಂಬ ಬೇರೆ ಗಣ. ಮೊಟ್ಟೆಯಿಡುವ ಆಸ್ಟ್ರೇಲಿಯದ ಎಕಿಡ್ನವನ್ನೂ ಸೇರಿಸಿದರೆ, ಸಸ್ತನಿಗಳಲ್ಲಿ ಮುಳ್ಳಿನ ಕವಚವು ಪರಸ್ಪರ ಸಂಬಂಧವಿಲ್ಲದ ಹಲವು ವಂಶಗಳಲ್ಲಿ ಬೇರೆಬೇರೆಯಾಗಿ ಹುಟ್ಟಿದುದು ಕಾಣುತ್ತದೆ. ಭೌತಶಾಸ್ತ್ರ ಕಲಿಸುವ ನನ್ನಂಥವನಿಗೆ ಇದು ಹೊಸ ಬಗೆಯ ಲೆಕ್ಕ. ಎರಡು ಎಲೆಕ್ಟ್ರಾನುಗಳು ಎಲ್ಲಿಂದ ಬಂದವೆಂದು ನಾವು ಕೇಳುವುದಿಲ್ಲ. ಅವುಗಳ ಗುಣ ಒಂದಾದರೆ ಸಾಕು. ಪ್ರಾಣಿಗಳಲ್ಲಿ ಗುಣ ಒಂದಾದರೆ ಸಾಲದು, ವಂಶಚರಿತ್ರೆಯನ್ನೂ ಕೇಳಬೇಕು.

ಮುಳ್ಳಿಲಿಗಳಲ್ಲಿ ಐದು ಜಾತಿಗಳೂ ಹದಿನೇಳಕ್ಕೆ ಕಡಿಮೆಯಿಲ್ಲದ ಪ್ರಭೇದಗಳೂ ಇವೆ. ಚೀನದ ಯುನ್ನಾನ್ ಪ್ರಾಂತದಿಂದ ೨೦೧೮ರಲ್ಲಿ ಹೊಸದೊಂದು ಸೇರಿತು. ಯೂರೋಪು, ಏಷ್ಯ, ಆಫ್ರಿಕಗಳು ಇವುಗಳ ನೆಲೆ. ಅಮೆರಿಕದಲ್ಲಿ ಸಹಜವಾಗಿ ಬಾಳುವ ಮುಳ್ಳಿಲಿ ಈಗ ಒಂದೂ ಇಲ್ಲ. ಭಾರತದಲ್ಲಿ ಮೂರು ಪ್ರಭೇದಗಳುಂಟು. ಉದ್ದ ಕಿವಿಯದೊಂದು, ಮಾಸಲು ಬಣ್ಣದ್ದೊಂದು. ಇವೆರಡೂ ರಾಜಸ್ಥಾನ, ಗುಜರಾತುಗಳ ಒಣನೆಲದಲ್ಲಿವೆ. ಮೂರನೆಯದಾದ ಮದರಾಸು ಮುಳ್ಳಿಲಿ ತಮಿಳುನಾಡು, ಆಂಧ್ರ, ಕೇರಳಗಳದು. ಹಾರ್ಸ್‌ಫೀಲ್ಡನು ೧೮೫೧ರಲ್ಲಿ ಇದನ್ನು ವರ್ಣಿಸಿ 'ನ್ಯೂಡಿವೆಂಟ್ರಿಸ್' ಎಂದು ಹೆಸರಿಟ್ಟನು. ಮುಂದೆ ಕೆಲವರು ಇದನ್ನು ಪಶ್ಚಿಮೋತ್ತರದ ಮಾಸಲು ಮುಳ್ಳಿಲಿಯ ಉಪಪ್ರಭೇದವೆಂದೇ ಎಣಿಸಿದರು. ಇದು ಪಂಡಿತರ ಬರಿಯ ಚರ್ಚೆಯಲ್ಲ. ಎರಡೂ ಒಂದೇ ಆದಲ್ಲಿ, ದಕ್ಷಿಣದಲ್ಲಿ ಅಳಿದರೂ ಉತ್ತರದಲ್ಲಿ ಉಳಿದಿದೆಯೆಂದು ಸುಮ್ಮನಿರಬಹುದು. ಬೇರೆಯಾದಲ್ಲಿ, ಇಲ್ಲಿ ಅಳಿದುದು ಜಗತ್ತಿನಲ್ಲಿಯೇ ಅಳಿದಂತೆ. ಬೇರೆ ಪ್ರಭೇದವೆಂಬುದೇ ಈಗ ಅಂಗೀಕೃತವಾದ ಮತ. ಅದರ ಬಯಲುಗಳು ಹೊಲ, ಊರುಗಳಾಗುತ್ತಿವೆ. ತಮಿಳುನಾಡಿನ ಕೆಲವೆಡೆ ಅದರ ಮುಳ್ಳುಚರ್ಮವನ್ನು ಮಕ್ಕಳ ಕೆಮ್ಮಿಗೆ ಮದ್ದೆಂದು ಬಳಸುವ ರೂಢಿಯಿದೆ. ರಾತ್ರಿ ರಸ್ತೆ ದಾಟುವಾಗ ಮೋಟಾರು ಬಂದರೆ ಅದು ಓಡುವುದಿಲ್ಲ, ನಿಂತಲ್ಲೇ ಚೆಂಡಾಗುತ್ತದೆ.